ಮಾರಿದವರ ಹಗ್ಗ

೮ ಜನವರಿ ೧೯೫೦, ಬೀದರ

ಲಾರಿ ಕೊಳ್ಳುವುದೆಂದು ಇವತ್ತು ನಿರ್ಧಾರ ಮಾಡಿಬಿಟ್ಟೆ. ನಾಳೆ ಬೆಳಿಗ್ಗೆ ಮನಸ್ಸು ಬದಲಿಸಬಾರದು ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಯುದ್ಧದ ಕಾಲಕ್ಕೆ ಪುಣೆಯ ಡಿಪೋದಲ್ಲಿದ್ದಾಗ ಧಾರವಾಡದ ಹವಾಲ್ದಾರನೊಬ್ಬ ನನಗೆ ಕನ್ನಡ ಬರೆಯಲು ಕಲಿಸಿದ. ದಿನಾ ಸಂಜೆ ನಾಲ್ಕು ಸಾಲು ಬರೆಯದ ಡ್ರೈವರನನ್ನು ಅವನು ಊಟಕ್ಕೆ ಬಿಡುತ್ತಿರಲಿಲ್ಲ. ಅವನು ಈಗ ಎಲ್ಲಿದ್ದಾನೋ, ಚಟ ಮಾತ್ರ ನನ್ನ ಹತ್ತಿರ ಉಳಿದಿದೆ.

ಒಂಬತ್ತು ವರ್ಷದಿಂದ ಬೇರೆಯವರ ಗಾಡಿ ಓಡಿಸುತ್ತಿದ್ದೇನೆ. ಮೊದಲು ಮಿಲಿಟರಿಯದು, ಆಮೇಲೆ ಎರಡು ವರ್ಷ ಬದ್ರೋದ್ದೀನ ಸಾಹೇಬರದು, ಈಗ ಭಾಲ್ಕಿಯ ಒಬ್ಬ ಸಾಹುಕಾರನದು. ನಿನ್ನೆ ಆ ಸಾಹುಕಾರ ಹತ್ತು ಜನರೆದುರು ಗೋರಖನಾಥ ಎಂಬ ನನ್ನ ಹೆಸರು ಮುರಿದು, "ಏ ಗೋರ್ಖ್ಯಾ, ಮ್ಯಾಲ ಹತ್ತೋಕಿಂತ ಮೊದಲ ಸೀಟಿಗೆ ಚೀಲ ಹಾಸ್ಕೊ" ಎಂದ. ನಾನು ಕೂತರೆ ಸೀಟು ಮೈಲಿಗೆಯಾಗುತ್ತದಂತೆ. ಸ್ಟೇರಿಂಗು ಆಗುವುದಿಲ್ಲ, ಬ್ರೇಕು ಆಗುವುದಿಲ್ಲ, ನಾನು ಹೊತ್ತು ಹಾಕಿದ ಕಾಳಿನ ಚೀಲವೂ ಆಗುವುದಿಲ್ಲ. ಲಾರಿಯನ್ನು ಅಲ್ಲೇ ಬಿಟ್ಟು ರೈಲು ಹತ್ತಿ ಬಂದೆ.

ಬದ್ರೋದ್ದೀನ ಸಾಹೇಬರ ಲಾರಿ ಖಟಕ ಚಿಂಚೋಳಿಯಲ್ಲಿದೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವಾರ ಅವರು ಅದನ್ನು ಗೆಳೆಯ ಬಸವಣ್ಣೆಪ್ಪನವರ ಕಣದಲ್ಲಿ, ಜೋಳದ ಕಣಿಕೆಯ ಬಣವೆಯೊಳಗೆ ಮುಚ್ಚಿಟ್ಟರು. ಆಮೇಲೆ ಸಾಹೇಬರೇ ಕಾಣೆಯಾದರು. ಆಗ ನಾನು ಮೆಹಕರದಲ್ಲಿ, ನಮ್ಮೂರಲ್ಲಿದ್ದೆ. ಪಾಕಿಸ್ತಾನಕ್ಕೆ ಹೋದರು ಎನ್ನುವವರಿದ್ದಾರೆ, ಬೇರೆ ಮಾತು ಹೇಳುವವರೂ ಇದ್ದಾರೆ. ನಾನು ಕೇಳಲು ಹೋಗಿಲ್ಲ. ಅದು ಆ ಮನೆಯವರ ವಿಷಯ, ನನಗೆ ಬೇಕಾದದ್ದು ಲಾರಿ.

೧೧ ಜನವರಿ, ಖಟಕ ಚಿಂಚೋಳಿ

ಬಸವಣ್ಣೆಪ್ಪನವರಿಗೆ ಎಪ್ಪತ್ತು ದಾಟಿರಬೇಕು. ನಾನು ಯಾರೆಂದು ಹೇಳಿದ ಮೇಲೂ ಕುಡಿಯಲು ನೀರನ್ನು ಚೊಂಬಿನಲ್ಲೇ ಕೊಟ್ಟರು, ಮೇಲಿನಿಂದ ಸುರಿಯಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವರೆಲ್ಲ ಹೀಗೆ ಮಾಡುವುದಿಲ್ಲ, ಆದ್ದರಿಂದ ಬರೆದೆ.

ಇಬ್ಬರೂ ಸೇರಿ ಬಣವೆಯ ಒಂದು ಮಗ್ಗುಲು ಕಿತ್ತೆವು. ಮೊದಲು ಎಡಗಡೆಯ ದೀಪ ಕಾಣಿಸಿತು. ನನಗೆ ನಗು ಬಂತು. ಎರಡು ವರ್ಷ ದಿನಾ ಬೆಳಿಗ್ಗೆ ಆ ದೀಪ ಒರೆಸಿದವನು ನಾನು. ವೈರುಗಳನ್ನೆಲ್ಲ ಇಲಿ ತಿಂದಿವೆ, ಸೀಟಿನೊಳಗೆ ಅವುಗಳ ಸಂಸಾರವೇ ಇದೆ, ಎರಡು ಟಾಯರು ಕೆಲಸಕ್ಕೆ ಬಾರವು, ಬ್ಯಾಟರಿ ಎಂದೋ ಸತ್ತಿದೆ. ಆದರೆ ಫ್ಯಾನನ್ನು ಕೈಯಿಂದ ತಿರುಗಿಸಿದರೆ ತಿರುಗಿತು. ಎಂಜಿನ್ ಬದುಕಿದೆ.

ಹ್ಯಾಂಡಲ್ ಮಾತ್ರ ಇಲ್ಲ. ಮೂತಿಯೊಳಗೆ ತೂರಿಸಿ ಎಂಜಿನ್ ತಿರುವುವ ಕಬ್ಬಿಣದ ಹ್ಯಾಂಡಲ್, ಬ್ಯಾಟರಿ ಇಲ್ಲದ ಗಾಡಿಗೆ ಅದೇ ಪ್ರಾಣ. ಎಲ್ಲಿ ಹೋಯಿತೆಂದು ಬಸವಣ್ಣೆಪ್ಪನವರಿಗೂ ತಿಳಿಯದು. ಲಾರಿ ಬೇಕಾದರೆ ಸಾಹೇಬರ ಹೆಂಡತಿಯನ್ನು ಕೇಳು, ನಾನು ಸಾಕ್ಷಿಗೆ ಬರುತ್ತೇನೆ ಎಂದರು.

೧೫ ಜನವರಿ, ಬೀದರ

ವ್ಯವಹಾರ ಮುಗಿಯಿತು. ಲಾರಿ ನನ್ನದು. ಆದರೂ ನಿದ್ದೆ ಬರುತ್ತಿಲ್ಲ, ಸಂತೋಷಕ್ಕಲ್ಲ, ಸಿಟ್ಟಿಗೆ.

ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಬದ್ರೋದ್ದೀನ ಸಾಹೇಬರ ಮನೆ. ಸಾಹೇಬರ ಹೆಂಡತಿ ಶಾಕಿರಾ ಬೇಗಂ ಪರದೆಯ ಆಚೆ ಕೂತಿದ್ದರು. ಈಚೆ ಸಾಹೇಬರ ಅಕ್ಕ ಅಜೀಜಾ ಬೇಗಂ, ಬಸವಣ್ಣೆಪ್ಪನವರು, ನಾನು. ಪುಣೆಯಲ್ಲಿ ಉಳಿಸಿದ್ದು, ನಮ್ಮಪ್ಪ ಬಿಟ್ಟುಹೋದ ಒಂದು ಜೋಡಿ ಎತ್ತು ಮಾರಿ ಬಂದದ್ದು, ನನ್ನ ಹೆಂಡತಿ ಭಾಗೀರಥಿಯ ಬೆಳ್ಳಿ ಎಲ್ಲ ಸೇರಿಸಿ ಒಯ್ದಿದ್ದೆ. ಅವರು ಹೆಚ್ಚು ಜಗ್ಗಾಡಲಿಲ್ಲ.

ಎದ್ದು ನಿಂತಾಗ ನಾನೇ ನನ್ನ ಬಾಯಿಂದ ಕೆಟ್ಟೆ. ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ, ಹಗ್ಗ ಮಾರಿದವರ ಗೂಟದಲ್ಲೇ ಉಳಿಯಬೇಕು. ಹಗ್ಗವೂ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಎತ್ತಿನ ಹಿಂದೆಯೇ ಹೊರಟುಬಿಡುತ್ತಾಳೆ. ಬಸವಣ್ಣೆಪ್ಪನವರು ಅಭ್ಯಾಸದಂತೆ, "ಎಲ್ಲಾ ಆಯ್ತು, ಹಗ್ಗದ್ದು ಹ್ಯಾಂಗ?" ಎಂದರು. ನಾನು ದೊಡ್ಡ ಮನುಷ್ಯನ ಹಾಗೆ, "ಗಾಡ್ಯಾಗಿಂದು ಯಾವುದು ಬೇಕಾದರೂ ಒಂದು ಇಟ್ಕೊರಿ ಬೇಗಂ ಸಾಹೇಬಾ" ಅಂದುಬಿಟ್ಟೆ. ಹಾರ್ನು ಇಟ್ಟುಕೊಳ್ಳಬಹುದು, ಸರಪಳಿ ಇಟ್ಟುಕೊಳ್ಳಬಹುದು ಎಂದುಕೊಂಡಿದ್ದೆ.

ಪರದೆಯ ಆಚೆಯಿಂದ ಮೊದಲ ಸಲ ಅವರ ದನಿ ಬಂತು.

"ಹ್ಯಾಂಡಲ್ ನನ್ನ ಬಲ್ಲಿ ಅದ. ಅದು ಇಲ್ಲೇ ಇರ್ತದ. ಮುಂಜಾನಿ ಬಂದು ಒಯ್ಯಿರಿ, ಸಂಜಿಗಿ ತಂದು ಕೊಡ್ರಿ."

ಬಸವಣ್ಣೆಪ್ಪನವರನ್ನು ನೋಡಿದೆ. ಅವರು ನೆಲ ನೋಡುತ್ತ, ಮಾತು ಕೊಟ್ಟಾದ ಮೇಲೆ ಮುಗಿಯಿತು ಎಂದರು.

೧೬ ಜನವರಿ

ಭಾಗೀರಥಿ ಬೆಳಗಿನಿಂದ ನಗುತ್ತಿದ್ದಾಳೆ. ಲಾರಿ ಕೊಂಡೆನೋ, ಅವರ ಮನೆಗೆ ದಿನಾ ಹಾಜರಿ ಹಾಕುವ ನೌಕರಿ ಕೊಂಡೆನೋ ಎಂದು ಕೇಳುತ್ತಾಳೆ.

೨೯ ಜನವರಿ

ಚಿಂಚೋಳಿಯಿಂದ ಲಾರಿಯನ್ನು ಎರಡು ಜೋಡಿ ಎತ್ತು ಎಳೆದು ತಂದವು. ಎರಡು ದಿನ ಹಿಡಿಯಿತು. ದಾರಿಯುದ್ದಕ್ಕೂ ಜನ ನಿಂತು ನಕ್ಕರು, ನಗಲಿ. ಹ್ಯಾಂಡಲ್ ಆ ಮನೆಯಲ್ಲಿರುವುದರಿಂದ ಲಾರಿಯನ್ನೂ ಅದೇ ಗಲ್ಲಿಯ ಬಾಯಲ್ಲಿ, ಸಾಹೇಬರು ನಿಲ್ಲಿಸುತ್ತಿದ್ದ ಬೇವಿನ ಮರದ ಕೆಳಗೇ ನಿಲ್ಲಿಸಬೇಕಾಯಿತು. ಒಂದು ವಾರ ವೈರು ಎಳೆದೆ, ಎರಡು ಹಳೆಯ ಟಾಯರು ಹಾಕಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಸೀಟಿಗೆ ಹೊಸ ನಾರು ತುಂಬಿದೆ; ಹೊಸ ಬ್ಯಾಟರಿಗೆ ದುಡ್ಡು ಉಳಿಯಲಿಲ್ಲ. ಆ ಸೀಟಿಗೆ ಚೀಲ ಹಾಸುವುದಿಲ್ಲ.

ಇವತ್ತು ಹನ್ನೊಂದನೆಯ ತಿರುವಿಗೆ ಎಂಜಿನ್ ಎದ್ದಿತು. ಗಲ್ಲಿಯ ಮಕ್ಕಳು ಕೂಗಿದರು. ಆ ಮನೆಯ ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಸಂಜೆ ಹ್ಯಾಂಡಲ್ ಒರೆಸದೆ ಕೊಟ್ಟೆ, ಪರದೆಯ ಕೆಳಗಿನಿಂದ ಒಂದು ಕೈ ಬಂದು ತೆಗೆದುಕೊಂಡಿತು.

೬ ಫೆಬ್ರವರಿ

ಮೊದಲ ಬಾಡಿಗೆ. ಔರಾದದ ತೊಗರಿ ವ್ಯಾಪಾರಿ ಶಿವರಾಜಪ್ಪನವರ ಐವತ್ತು ಚೀಲ ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸಿದೆ. ಮಾಂಜ್ರಾ ನದಿಯ ಮರಳಿನಲ್ಲಿ ಒಮ್ಮೆ ಚಕ್ರ ಹೂತಿತು, ಕಣಿಕೆ ಹಾಸಿ ಎಬ್ಬಿಸಿದೆ. ಶಿವರಾಜಪ್ಪನವರು ನನ್ನನ್ನು "ಏ ಡ್ರೈವರ್" ಎನ್ನುತ್ತಾರೆ. ಲಾರಿ ಯಾರದು ಎಂದು ಕೇಳಿದರು. ನನ್ನದು ಅಂದೆ. ಹೌದೇನು ಎಂದು ಬೇರೆ ಮಾತು ತೆಗೆದರು. ಔರಾದದ ಹೋಟೆಲಿನಲ್ಲಿ ನಮ್ಮಂಥವರ ಕಪ್ಪು ಹೊರಗೆ ಗೂಟಕ್ಕೆ ತೂಗುತ್ತದೆ. ಚಹಾ ಕುಡಿಯದೆ ಬಂದೆ. ಇವರ ಬಾಯಿಂದ ಒಂದು ದಿನ ಮಾಲಕ ಅನ್ನಿಸಿಕೊಳ್ಳದಿದ್ದರೆ ನನ್ನ ಹೆಸರು ಗೋರಖನಾಥ ಅಲ್ಲ.

ಬೆಳಿಗ್ಗೆ ಪರದೆಯ ಕೆಳಗಿನಿಂದ ಕೊಟ್ಟಾಗ ಹ್ಯಾಂಡಲ್ ಬೆಚ್ಚಗಿತ್ತು. ಈ ಚಳಿಯಲ್ಲಿ ಕಬ್ಬಿಣ ಹೇಗೆ ಬೆಚ್ಚಗಿರುತ್ತದೆ? ಒಲೆಯ ಹತ್ತಿರ ಇಡುತ್ತಾರೋ ಏನೋ.

೧೭ ಫೆಬ್ರವರಿ

ಪಂಕ್ಚರಾಗಿ ತಡವಾಯಿತು. ನಾನು ಬಂದಾಗ ಕತ್ತಲಾಗಿತ್ತು. ಅಜೀಜಾ ಬೇಗಂ ಗಲ್ಲಿಯ ಬಾಯಲ್ಲೇ ನಿಂತಿದ್ದರು. ಹ್ಯಾಂಡಲನ್ನು ಕಸಿದುಕೊಂಡಂತೆ ತೆಗೆದುಕೊಂಡು ಒಳಗೆ ಓಡಿದರು. ಅರವತ್ತರ ಹೆಂಗಸು ಹಾಗೆ ಓಡುವುದನ್ನು ನೋಡಿರಲಿಲ್ಲ.

೨೨ ಫೆಬ್ರವರಿ

ಶಿವರಾಜಪ್ಪನವರು ಇವತ್ತು ದೊಡ್ಡ ಮಾತು ಆಡಿದರು. ಮಾರ್ಚ್ ಒಂದರಿಂದ ಔರಾದದಲ್ಲೇ ಉಳಿದು, ದಿನಕ್ಕೆ ಎರಡು ಖೇಪಿನಂತೆ ಹೋಗಿಬಂದು ತೊಗರಿ ಭಾಲ್ಕಿಗೆ ಸಾಗಿಸಬೇಕು. ಮೂರು ವಾರದ ಕೆಲಸ. ಸರಿಯಾಗಿ ಮಾಡಿದರೆ ಇಡೀ ವರ್ಷದ ಮಾಲು ನನಗೇ. ಇಲ್ಲವಾದರೆ ಭಾಲ್ಕಿಯ ಆ ಸಾಹುಕಾರನಿಗೆ, ಅಂದರೆ ಸೀಟಿಗೆ ಚೀಲ ಹಾಸಿಸಿದವನಿಗೆ.

ಸಂಜೆ ಪರದೆಯ ಈಚೆ ನಿಂತು ಎಲ್ಲ ಬಿಡಿಸಿ ಹೇಳಿದೆ. ಮೂರು ವಾರಕ್ಕೆ ಮಾತ್ರ ಹ್ಯಾಂಡಲ್ ನನ್ನ ಹತ್ತಿರ ಇರಲಿ ಎಂದು ಕೇಳಿದೆ. "ಸಂಜಿಗಿ ಬರಬೇಕ್ರಿ" ಎಂದರು ಶಾಕಿರಾ ಬೇಗಂ. ಅಷ್ಟೇ.

ಆಯಿತು. ನನಗೂ ಹಟ ಇದೆ. ನಾಳೆ ಹ್ಯಾಂಡಲ್ ಕೈಯಲ್ಲಿರುವಾಗ ಔರಾದದ ಕಮ್ಮಾರನಿಗೆ ಅಳತೆ ಕೊಡುತ್ತೇನೆ.

೧ ಮಾರ್ಚ್, ಔರಾದ

ನನ್ನ ಸ್ವಂತ ಹ್ಯಾಂಡಲ್. ಬೆಳಕು ಹರಿಯುವ ಮುಂಚೆ ಗಲ್ಲಿಗೆ ಹೋಗಿ, ಆ ಮನೆಯ ಬಾಗಿಲು ಬಡಿಯದೆ, ಮೂರೇ ತಿರುವಿಗೆ ಎಬ್ಬಿಸಿಕೊಂಡು ಹೊರಟೆ. ಇವತ್ತು ಎರಡು ಖೇಪು ಮುಗಿಸಿದೆ. ರಾತ್ರಿ ಲಾರಿಯಲ್ಲೇ ಮಲಗುವುದು. ಕೊನೆಗೂ ನನ್ನ ಗಾಡಿ ನನ್ನದಾಯಿತು.

೩ ಮಾರ್ಚ್, ಬೀದರ

ಬೀದರಕ್ಕೆ ಬರಲೇಬಾರದೆಂದಿದ್ದೆ. ಆದರೆ ಇವತ್ತು ಬಸವಣ್ಣೆಪ್ಪನವರು ಭಾಲ್ಕಿ ಸ್ಟೇಷನ್ನಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಬೈಯಲಿಲ್ಲ. ಒಮ್ಮೆ ಆ ಮನೆಗೆ ಹೋಗಿ ಬಾ ಎಂದಷ್ಟೇ ಹೇಳಿದರು.

ಅಜೀಜಾ ಬೇಗಂ ಹೊಸ್ತಿಲಲ್ಲಿ ಕೂತು ಎಲ್ಲ ಹೇಳಿದರು. ಆ ಸೆಪ್ಟೆಂಬರಿನಲ್ಲಿ ಸಾಹೇಬರು ಲಾರಿ ಬಚ್ಚಿಟ್ಟು ಹ್ಯಾಂಡಲ್ ಕಿತ್ತುಕೊಂಡು ಚಿಂಚೋಳಿಯಿಂದ ಮನೆಗೆ ನಡೆದು ಬಂದರಂತೆ. ಅದನ್ನು ಹೆಂಡತಿಯ ಕೈಗೆ ಕೊಟ್ಟು, ಇದು ನಿನ್ನ ಹತ್ತಿರ ಇರುವವರೆಗೆ ಗಾಡಿ ಎಲ್ಲಿಗೂ ಹೋಗುವುದಿಲ್ಲ, ನಾನು ಸಂಜೆಗೆ ಬರುತ್ತೇನೆ ಎಂದು ಹೇಳಿ ಭಾತಂಬ್ರಾಕ್ಕೆ ಹೊರಟರು. ಅಕ್ಕ ಆಗ ಭಾತಂಬ್ರಾದಲ್ಲಿದ್ದರು, ಅವರನ್ನು ಕರೆತರಲು.

"ನಾ ಬ್ಯಾರೆ ದಾರಿಲೆ ಬಸವಣ್ಣೆಪ್ಪನೋರ ಬಂಡ್ಯಾಗ ಬಂದ್ಬಿಟ್ಟಿದ್ದೆ" ಎಂದರು ಅಜೀಜಾ ಬೇಗಂ. "ಅಂವ ನನಗ ಹುಡುಕ್ಲಿಕ್ಕ ಹೋಗ್ಯಾನ. ನಾ ಇಲ್ಲಿ ಕುಂತೇನಿ."

ಮೊನ್ನೆ ಬೆಳಿಗ್ಗೆ ಶಾಕಿರಾ ಬೇಗಂ ಇನ್ನೂ ಎದ್ದಿರಲಿಲ್ಲ. ಹ್ಯಾಂಡಲ್ ಎದೆಗವಚಿಕೊಂಡು ಮಲಗಿದ್ದರು. ಲಾರಿಯ ಸದ್ದು ಕೇಳಿಸಿತು. ಹ್ಯಾಂಡಲ್ ತನ್ನ ಕೈಯಲ್ಲೇ ಇದೆ, ಆದರೂ ಗಾಡಿ ಚಾಲೂ ಆಗಿದೆ, ಹಾಗಾದರೆ ಗಂಡನೇ ಬಂದಿದ್ದಾರೆ ಎಂದುಕೊಂಡು ಬುರ್ಖಾ ಇಲ್ಲದೆ, ಬರಿಗಾಲಲ್ಲಿ, ಚೌಬಾರಾದ ತನಕ ನನ್ನ ಲಾರಿಯ ಹಿಂದೆ ಓಡಿದರಂತೆ. ಆ ಹೆಂಗಸು ಎಂದೂ ಹೊಸ್ತಿಲು ದಾಟಿದವರಲ್ಲ. ಗಂಡನ ಹೆಸರು ಹಿಡಿದು ಕೂಗಿದರಂತೆ. ನನಗೆ ಕೇಳಿಸಲಿಲ್ಲ.

ಇದನ್ನು ಬರೆಯುವಾಗ ಮೈಯೆಲ್ಲ ನಾಚಿಕೆಯಾಗುತ್ತಿದೆ.

೪ ಮಾರ್ಚ್, ಔರಾದ

ಮುಂಜಾನೆ ಬಾಗಿಲು ಬಡಿದು ಹ್ಯಾಂಡಲ್ ಕೇಳಿದೆ. ಕೊಡುತ್ತಾರೋ ಇಲ್ಲವೋ ಎಂದು ಅಂಜಿಕೆ ಇತ್ತು. ಕೈ ಬಂತು, ಹ್ಯಾಂಡಲ್ ಬಂತು. ಬೆಚ್ಚಗಿತ್ತು.

ಶಿವರಾಜಪ್ಪನವರಿಗೆ ಹೇಳಿದೆ, ನಾನು ಔರಾದದಲ್ಲಿ ಉಳಿಯುವುದಿಲ್ಲ, ದಿನಾ ಬೀದರದಿಂದಲೇ ಬರುತ್ತೇನೆ, ಎರಡು ಖೇಪಿನ ಬದಲು ಒಂದೇ ಆದರೆ ಕೆಲಸ ಬೇರೆಯವರಿಗೆ ಕೊಡಿ ಎಂದು. ನೀನು ಎಲ್ಲಿ ಮಲಗಿದರೆ ನನಗೇನು, ತೊಗರಿ ಮುಟ್ಟಿದರೆ ಸಾಕು ಎಂದರು. ಅಂದರೆ ಮೂರು ಗಂಟೆಗೆ ಏಳಬೇಕು. ಏಳುತ್ತೇನೆ.

೧೨ ಮಾರ್ಚ್

ಭಾನುವಾರ ಬಿಟ್ಟು ಏಳು ದಿನದಲ್ಲಿ ಹದಿನಾಲ್ಕು ಖೇಪು. ಒಂದೂ ತಪ್ಪಿಸಿಲ್ಲ. ಸ್ಟೇರಿಂಗ್ ಹಿಡಿದೇ ಕಣ್ಣು ಮುಚ್ಚುತ್ತದೆ, ಭಾಗೀರಥಿ ಕಟ್ಟಿಕೊಟ್ಟ ಹಸಿಮೆಣಸಿನಕಾಯಿ ಕಚ್ಚಿಕೊಂಡು ಓಡಿಸುತ್ತೇನೆ.

ಲಾರಿ ನಿಲ್ಲಿಸಿದಲ್ಲೆಲ್ಲ ಉಸ್ತಾದರ, ಅಂದರೆ ಬದ್ರೋದ್ದೀನ ಸಾಹೇಬರ ವಿಷಯ ಕೇಳುತ್ತಿದ್ದೇನೆ. ಬಾವಿಯ ಹತ್ತಿರ, ಗಿರಣಿಯಲ್ಲಿ, ಕಮ್ಮಾರನ ಕುಲುಮೆಯಲ್ಲಿ. ಎತ್ತರದ ಮನುಷ್ಯ, ಎಡಗೈಗೆ ಸುಟ್ಟ ಕಲೆ ಇತ್ತು, ಲಾರಿ ಬದ್ರೋದ್ದೀನ ಅನ್ನುತ್ತಿದ್ದರು, ಕಂಡಿದ್ದೀರೇನು ಎಂದು. ಕೆಲವರು ಸುಮ್ಮನೆ ಎದ್ದು ಹೋಗುತ್ತಾರೆ. ಒಬ್ಬ, ಅದೆಲ್ಲ ಈಗ ಯಾಕೆ ಕೆದಕುತ್ತೀ ಎಂದ. ನನಗೆ ಬೇಕು ಅಂದೆ.

೧೯ ಮಾರ್ಚ್, ಭಾತಂಬ್ರಾ

ಭಾನುವಾರ, ಬಾಡಿಗೆ ಇಲ್ಲ. ಸ್ವಂತ ಪೆಟ್ರೋಲು ಸುಟ್ಟುಕೊಂಡು ಬಂದೆ. ಊರ ಹೊರಗೆ ಭಾಲ್ಕಿ ದಾರಿಯಲ್ಲಿ ಅನುಸೂಯಾಬಾಯಿ ಎಂಬ ಮುದುಕಿಯ ಗುಡಿಸಲಿದೆ. ಪ್ರಶ್ನೆ ಮುಗಿಯುವ ಮೊದಲೇ ಒಳಗೆ ಹೋಗಿ ಜೋಳದ ಗಡಿಗೆಯಲ್ಲಿ ಕೈಹಾಕಿ ಒಂದು ಹಿತ್ತಾಳೆ ಬಿಲ್ಲೆ ತಂದಳು. ಡ್ರೈವರನ ಬಿಲ್ಲೆ. ಒಂದು ಮೂಲೆ ಸವೆದು ಬಾಗಿದೆ. ಆ ಮೂಲೆಯಿಂದಲೇ ಉಸ್ತಾದರು ಪ್ಲಗ್ಗಿನ ಕಿಟ್ಟ ಕೆರೆಯುತ್ತಿದ್ದರು. ಪಾನಾ ಪೆಟ್ಟಿಗೆ ಪಕ್ಕದಲ್ಲೇ ಇದ್ದರೂ ಬಿಲ್ಲೆಯಿಂದಲೇ ಕೆರೆಯಬೇಕು, ಎಷ್ಟು ಸಲ ಜಗಳವಾಡಿದ್ದೇನೆ.

ಆ ಗಲಭೆಯ ದಿನ ಉಸ್ತಾದರು ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದರಂತೆ. ಅವಳೂ ಅವಳ ಗಂಡನೂ ನೀರು ಕುಡಿಸಿದರು, ಅಷ್ಟರಲ್ಲಿ ಮುಗಿಯಿತು. ಹೆದರಿಕೊಂಡು ಹೊಲದ ಬದುವಿನಲ್ಲಿ, ಹುಣಸೆ ಮರದ ಕೆಳಗೆ ಮಣ್ಣು ಮಾಡಿದರು. ಮುಖ ಯಾವ ಕಡೆ ಮಾಡಬೇಕೆಂದು ಗೊತ್ತಿರಲಿಲ್ಲ, ಸೂರ್ಯ ಮುಳುಗುವ ಕಡೆ ಮಾಡಿದೆವು, ಸರಿಯೇನು ಎಂದು ನನ್ನನ್ನು ಕೇಳಿದಳು. ಸರಿ ಅಂದೆ.

"ಯಾರರ ಕೇಳ್ಕೊಂಡು ಬರ್ತಾರ ಅಂತ ಇಟ್ಟಿದ್ದೆ ನೋಡಪ್ಪ. ದೀಡ ವರ್ಷ ಆಯ್ತು, ಯಾರೂ ಕೇಳ್ಲಿಲ್ಲ."

ಎರಡು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತವನು ನಾನು. ಅವರ ಗಂಗಾಳದಲ್ಲಿ ಉಂಡವನು. ಒಂದೂವರೆ ವರ್ಷ ಯಾರೂ ಕೇಳಲಿಲ್ಲ ಎಂಬ ಮಾತು ನನಗೇ ಹೇಳಿದಂತಿತ್ತು.

೨೦ ಮಾರ್ಚ್

ಬಿಲ್ಲೆ ಅಂಗಿಯ ಕಿಸೆಯಲ್ಲಿದೆ. ಕೊಡಲಿಲ್ಲ.

೨೧ ಮಾರ್ಚ್

ಇವತ್ತೂ ಕೊಡಲಿಲ್ಲ. ಬಿಲ್ಲೆ ಕೊಟ್ಟರೆ ಶಾಕಿರಾ ಭಾಬಿ ಕಾಯುವುದು ಮುಗಿಯುತ್ತದೆ. ಕಾಯುವುದು ಮುಗಿದರೆ ಹ್ಯಾಂಡಲ್ ನನಗೆ ಬರುತ್ತದೆ. ಹಾಗಾದರೆ ನಾನು ಕೊಡುವುದು ಯಾತಕ್ಕೆ, ಅವರಿಗಾಗಿಯೋ ಹ್ಯಾಂಡಲಿಗಾಗಿಯೋ? ಭಾಗೀರಥಿಗೆ ಹೇಳಿದೆ. ರೊಟ್ಟಿ ಬಡಿಯುತ್ತಲೇ ಇದ್ದವಳು ಕೈ ನಿಲ್ಲಿಸಿ, "ಹಂಗಾದ್ರ ಮೊದಲ ಆ ಕಳ್ಳ ಹ್ಯಾಂಡಲ್ ಮನಿ ಬಿಟ್ಟು ಹೊರಗ ಹಾಕು. ಆಮ್ಯಾಲ ಕೊಡು" ಎಂದಳು.

೨೩ ಮಾರ್ಚ್, ಔರಾದ

ಕಮ್ಮಾರನ ಹತ್ತಿರ ಹೋಗಿ ನಾನು ಮಾಡಿಸಿದ ಹ್ಯಾಂಡಲನ್ನು ಕಾಯಿಸಿ ಬಡಿಸಿ ಟಾಯರು ಬಿಚ್ಚುವ ಪಟ್ಟಿ ಮಾಡಿಸಿಕೊಂಡೆ. ತಿಂಗಳ ಹಿಂದೆ ಮಾಡಿಸಿ ಈಗ ಕೆಡಿಸುತ್ತೀಯಲ್ಲ ಎಂದು ಅವನು ನಕ್ಕ.

ಇವತ್ತಿಗೆ ತೊಗರಿಯೂ ಮುಗಿಯಿತು. ಭಾಲ್ಕಿ ಸ್ಟೇಷನ್ನಿನ ಗದ್ದಲದಲ್ಲಿ ಶಿವರಾಜಪ್ಪನವರು "ಮಾಲಕರ, ಮುಂದಿನ ಸೋಮವಾರ ಜೋಳ ಅದ, ಬರ್ರಿ" ಎಂದರು. ಯಾರನ್ನು ಕರೆದರೆಂದು ಹಿಂದೆ ತಿರುಗಿ ನೋಡಿದೆ. ಜೋಳ ನೂರಿಪ್ಪತ್ತು ಚೀಲ, ಮೂರು ಖೇಪು ಆದೀತು.

೨೪ ಮಾರ್ಚ್, ಬೀದರ

ಸಂಜೆ ಹ್ಯಾಂಡಲ್ ಕೊಟ್ಟೆ. ಹೋಗಲಿಲ್ಲ, ನಿಂತೆ. ಏನು ಹೇಳಬೇಕೆಂದು ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. "ಭಾಬಿ, ಉಸ್ತಾದರು ಸಿಕ್ಕರ್ರಿ" ಅಂದೆ. ಎಂಥ ಮಾತು ಆಡಿದೆ! ಪರದೆ ಒಮ್ಮೆಲೆ ಅಲುಗಿತು. ಬಿಲ್ಲೆಯನ್ನು ಪರದೆಯ ಕೆಳಗೆ ಸರಿಸಿದೆ.

ಅಳು ಕೇಳಿಸುತ್ತದೆ ಎಂದು ಕಾದೆ. ಇಲ್ಲ. ಕೊನೆಗಳಿಗೆಯಲ್ಲಿ ಯಾರಾದರೂ ನೀರು ಕುಡಿಸಿದರೇನು ಎಂದು ಭಾಬಿ ಕೇಳಿದರು. ಅನುಸೂಯಾಬಾಯಿಯ ಹೆಸರು ಹೇಳಿದೆ, ಹುಣಸೆ ಮರದ ವಿಷಯ ಹೇಳಿದೆ, ಮುಖ ಪಶ್ಚಿಮಕ್ಕಿದೆ ಎಂದೆ. ಆಮೇಲೆ ಭಾಬಿ ಒಂದೊಂದೇ ಬಳೆ ಒಡೆಯುವ ಸದ್ದು ಕೇಳಿಸಿತು. ಅಜೀಜಾ ಬೇಗಂ ನೆಲಕ್ಕೆ ಹಣೆ ಹಚ್ಚಿ ಅತ್ತರು. ನಾನೂ ಅತ್ತೆ.

೨೫ ಮಾರ್ಚ್

ಎಂದಿನಂತೆ ಹೋದೆ. ಅಜೀಜಾ ಬೇಗಂ ಹ್ಯಾಂಡಲ್ ತಂದರು, ಬಿಳಿ ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಹಚ್ಚಿದ್ದರು.

"ಶಾಕಿರಾ ಗಂಡನ ಸೂತಕಕ್ಕ, ಇದ್ದತ್ತಿಗಿ ಕುಂತಾಳ. ನಾಕು ತಿಂಗಳ ಹತ್ತು ದಿನ ಹೊರಗಿನ ಗಂಡಸರು ಬಾಗಲಿಗಿ ಬರಂಗಿಲ್ಲ. ಇದು ಇನ್ನ ನಿನ್ನ ಬಲ್ಲೇ ಇರ್ಲಿ ಅಂದಾಳ, ತಮ್ಮಾ."

ಕೈಗೆ ತೆಗೆದುಕೊಂಡೆ. ಹ್ಯಾಂಡಲ್ ತಣ್ಣಗಿತ್ತು. ಲಾರಿಯನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದೆ.

೨ ಏಪ್ರಿಲ್

ಒಂದು ವಾರದಿಂದ ಲಾರಿ ನಮ್ಮ ಬಾಗಿಲಲ್ಲಿದೆ. ಬೆಳಿಗ್ಗೆ ಎದ್ದ ಕೂಡಲೆ ಇಲ್ಲೇ ಚಾಲೂ ಮಾಡಿ, ಸೀದಾ ಔರಾದದ ದಾರಿ ಹಿಡಿಯಬಹುದು. ಚೌಬಾರಾದ ಕಡೆ ಹೋಗಬೇಕಾಗಿಲ್ಲ.

ಆದರೂ ಮೊದಲ ದಿನದಿಂದಲೂ ಹೋಗುತ್ತಿದ್ದೇನೆ. ಗಲ್ಲಿಯ ಬಾಯಲ್ಲಿ, ಬೇವಿನ ಮರದ ಕೆಳಗೆ ಲಾರಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಇಳಿದು ಮೂತಿಗೆ ಹ್ಯಾಂಡಲ್ ತೂರಿಸಿ ಮತ್ತೆ ತಿರುವಿ ಎಬ್ಬಿಸುತ್ತೇನೆ. ಬಾಗಿಲ ಹತ್ತಿರ ಹೋಗುವುದಿಲ್ಲ. ಸಂಜೆ ಬಂದಾಗಲೂ ಅಲ್ಲಿ ಒಂದು ಸಲ ಹಾರ್ನ್ ಹೊಡೆದು ಮನೆಗೆ ಬರುತ್ತೇನೆ. ಇವತ್ತು ಬೆಳಿಗ್ಗೆ ಎಂಜಿನ್ ಎದ್ದಾಗ ಆ ಮನೆಯ ಮೇಲಿನ ಕಿಟಕಿಯ ಒಂದು ಬಾಗಿಲು ತೆರೆದಿತ್ತು.

ಭಾಗೀರಥಿಗೆ ಯಾರೋ ಹೇಳಿದ್ದಾರೆ. ಚಾಲೂ ಇದ್ದ ಗಾಡಿಯನ್ನು ಅಲ್ಲಿ ತನಕ ಒಯ್ದು ಬಂದ್ ಮಾಡಿ ಮತ್ತೆ ತಿರುವುವುದು ಯಾಕೆ, 'ಪೆಟ್ರೋಲೇನು ಮಾಂಜ್ರಾದ ನೀರೇನು' ಎಂದು ಕೇಳಿದಳು.

"ಗಾಡಿಗಿ ಆ ಗಲ್ಲ್ಯಾಗ ಏಳೋದೇ ರೂಢಿ" ಅಂದೆ.